ಡಬ್ಬಿಯೊಳಗೆ ಮೂಗಿಟ್ಟವರು

ನಮ್ಮ ಮೇಡಂ ಮೂಗಿನ ಎಡಪಕ್ಕದಲ್ಲಿ, ಮೂಗುತಿ ಇರಬೇಕಾದ ಜಾಗಕ್ಕಿಂತ ಚೂರು ಕೆಳಗೆ, ಒಂದು ಬಿಳಿ ಗಾಯದ ಗುರುತಿತ್ತು. ಉಗುರಿನ ತುದಿಯಷ್ಟು ಗಾತ್ರದ ಅರ್ಧಚಂದ್ರ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಆಗಷ್ಟೇ ಮುಚ್ಚಳ ಕೊಯ್ದ ತಗಡಿನ ಡಬ್ಬಿಯೊಳಗೆ ಆತುರಾತುರವಾಗಿ ಮೂಗು ತೂರಿಸಿದಾಗ ಅದರ ಅಂಚು ತಗುಲಿ ಆದ ಗಾಯವಂತೆ. ಬೇರೆ ಯಾರಾದರೂ ಆಗಿದ್ದರೆ ಡಬ್ಬಿ ಎಸೆದು ಹತ್ತಿ ಹುಡುಕುತ್ತಿದ್ದರು. ಇವರು ರಕ್ತ ಒರೆಸಿಕೊಳ್ಳುತ್ತಲೇ, “ಒಳಗೆ ಪೇಂಟ್ ವಾಸನೆ ಇದೆ, ನಕ್ಕೋ” ಎಂದರಂತೆ.

ಈ ‘ನಕ್ಕೋ’ ಅವರ ಮನೆಯ ಮಾತು. ಆರ್.ಟಿ. ನಗರದ ಅವರ ಮನೆಯಲ್ಲಿ ಆಡುವುದು ದಖನಿ ಉರ್ದು, ಅದರಲ್ಲಿ ನಕ್ಕೋ ಎಂದರೆ ಬೇಡ. ಲ್ಯಾಬಿನಲ್ಲಿ ಅವರು ಅಪ್ಪಟ ಬೆಂಗಳೂರು ಕನ್ನಡ ಮಾತಾಡುತ್ತಿದ್ದರು. ಆದರೆ ತೀರ್ಪು ಮಾತ್ರ ಮನೆಮಾತಿನಲ್ಲೇ. ಮೇಡಂ ಬಾಯಿಂದ ನಕ್ಕೋ ಬಂತು ಎಂದರೆ ಆ ಡಬ್ಬಿಯ ಕಥೆ ಮುಗಿಯಿತು. ವರದಿಯಲ್ಲಿ ಆಮೇಲೆ ನಾವು ಎರಡು ಪುಟ ಇಂಗ್ಲಿಷು ಬರೆಯುತ್ತಿದ್ದೆವು. ಆ ಎರಡು ಪುಟದ ಅರ್ಥವೂ ಅಷ್ಟೇ.

ನಮ್ಮ ಲ್ಯಾಬು ಯಶವಂತಪುರದಲ್ಲಿ, ಮಾರ್ಕೆಟ್ ಯಾರ್ಡಿನ ಹಿಂಬದಿಯ ರಸ್ತೆಯಲ್ಲಿದೆ. ವಾಸನೆ ನೋಡುವ ಲ್ಯಾಬನ್ನು ಈರುಳ್ಳಿ ಮಂಡಿಯ ಮಗ್ಗುಲಿಗೆ ತಂದಿಟ್ಟ ಪುಣ್ಯಾತ್ಮ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಜನರನ್ನು ಅಣಕಿಸುವುದು ನನ್ನ ಚಟ, ಸಿಕ್ಕರೆ ಅವನ ಮಿಮಿಕ್ರಿಯನ್ನೂ ಮಾಡುವ ಆಸೆಯಿದೆ. ಗಾಳಿ ಯಾರ್ಡಿನ ಕಡೆಯಿಂದ ಬೀಸಿದ ದಿನ ರುಚಿ ಪರೀಕ್ಷೆ ಬಂದ್. ಮೇಡಂ ಬೆಳಿಗ್ಗೆ ಬಂದವರೇ ಹೆಗಲಿನ ಬ್ಯಾಗನ್ನೂ ಇಳಿಸದೆ ಮಹಡಿಗೆ ಹೋಗಿ, ಸಮುದ್ರಕ್ಕೆ ದೋಣಿ ಇಳಿಸುವವರ ಹಾಗೆ ಗಾಳಿಗೆ ಮುಖವೊಡ್ಡಿ ನಿಂತು ಬರುತ್ತಿದ್ದರು. “ಇವತ್ತು ಆಗುತ್ತೆ” ಎಂದರೆ ಆಗುತ್ತದೆ. “ಇವತ್ತು ಬೆಳ್ಳುಳ್ಳಿ ಲೋಡ್ ಬಂದಿದೆ” ಎಂದರೆ ನಾವೆಲ್ಲ ತೂಕದ ಕೆಲಸಕ್ಕೆ ಇಳಿಯಬೇಕು.

ಏನು ತೂಕ, ಏನು ವಾಸನೆ ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ. ನೀವು ಕುಡಿಯುವ ಜ್ಯೂಸಿನ ಕ್ಯಾನು, ತಿನ್ನುವ ಅನಾನಸ್ ಹೋಳಿನ ಡಬ್ಬಿ, ಇವುಗಳ ಒಳಮೈಗೆ ತೆಳ್ಳನೆಯ ಒಂದು ಲೇಪನ ಇರುತ್ತದೆ. ಅದಿಲ್ಲದಿದ್ದರೆ ಹುಳಿ ತಗಡನ್ನು ತಿನ್ನುತ್ತದೆ, ನೀವು ತಗಡನ್ನು ಕುಡಿಯುತ್ತೀರಿ. ಲೇಪನವೇ ಸರಿಯಿಲ್ಲದಿದ್ದರೆ ಲೇಪನವನ್ನೇ ಕುಡಿಯುತ್ತೀರಿ. ಕೆಲಸಕ್ಕೆ ಸೇರಿದ ದಿನ ಮೇಡಂ ನನಗೆ ಇದನ್ನು ವಿವರಿಸಿದ್ದು ಹೀಗೆ: “ಲೇಪನ ಅಂದ್ರೆ ಅತ್ತೆ ಸೊಸೆ ಮಧ್ಯ ಸಿಕ್ಕಿರೋ ಗಂಡಸು ಇದ್ದ ಹಾಗೆ ಕಣೋ. ಒಬ್ಬರಿಗೊಬ್ಬರು ತಾಗದ ಹಾಗೆ ನೋಡ್ಕೋಬೇಕು. ತಾನು ಮಾತ್ರ ಬಾಯಿ ಬಿಡಬಾರದು.”

ಆ ಗಂಡಸು ಬಾಯಿ ಬಿಡುತ್ತಾನೋ ಇಲ್ಲವೋ ನೋಡುವುದೇ ನಮ್ಮ ಹೊಟ್ಟೆಪಾಡು. ಡಬ್ಬಿಗೆ ಮೈಲುತುತ್ತದ ನೀಲಿ ನೀರು ಸುರಿದು ಬಿಟ್ಟರೆ, ಲೇಪನ ಹರಿದ ಕಡೆಯಲ್ಲೆಲ್ಲ ತಾಮ್ರ ಕೂತು ಕೆಂಪು ಚುಕ್ಕೆ ಏಳುತ್ತದೆ, ದಡಾರ ಎದ್ದ ಮಗುವಿನ ಬೆನ್ನಿನ ಹಾಗೆ. ಹುಳಿನೀರು ತುಂಬಿ ಬಿಸಿ ಕಪಾಟಿನಲ್ಲಿ ದಿನಗಟ್ಟಲೆ ಇಟ್ಟು, ಆಮೇಲೆ ನೀರನ್ನೆಲ್ಲ ಆವಿ ಮಾಡಿ, ಬಟ್ಟಲಿನ ತಳದಲ್ಲಿ ಉಳಿದ ಕಲೆಯನ್ನು ತೂಗಿದರೆ, ಲೇಪನದಿಂದ ಎಷ್ಟು ಕರಗಿ ಬಂತು ಎಂದು ತಿಳಿಯುತ್ತದೆ. ಅದಕ್ಕೆ ಸರ್ಕಾರದ ಮಿತಿಯಿದೆ. ಜೊತೆಗೆ, ಒಳಗಿರುವ ವಸ್ತುವಿನ ರುಚಿ-ವಾಸನೆ ಕೆಡಬಾರದು ಎಂಬುದೂ ಉಂಟು. ತೂಕಕ್ಕೆ ತಕ್ಕಡಿ ಇದೆ. ರುಚಿಗೆ ತಕ್ಕಡಿ ಎಲ್ಲಿಂದ ತರುವುದು? ಅದಕ್ಕೆ ನಮ್ಮಂಥ ಬಡಪಾಯಿಗಳ ನಾಲಿಗೆ.

ರುಚಿ ನೋಡುವ ಗುಂಪಿಗೆ ಸೇರಿದವರ ಬಾಳು ಒಂದು ಥರ ವ್ರತ. ಪರೀಕ್ಷೆಯ ದಿನ ಬೆಳಿಗ್ಗೆ ಕಾಫಿ ಇಲ್ಲ, ಈರುಳ್ಳಿ ದೋಸೆ ಇಲ್ಲ, ಸೆಂಟು ಇಲ್ಲ, ತಲೆಗೆ ಘಮಘಮ ಎಣ್ಣೆ ಇಲ್ಲ. ಅಕೌಂಟ್ಸಿನ ಆಂಟಿ ಒಮ್ಮೆ ಮಲ್ಲಿಗೆ ಮುಡಿದುಕೊಂಡು ಒಳಗೆ ಬಂದಿದ್ದಕ್ಕೆ ಮೇಡಂ ಅವರನ್ನು ಬಾಗಿಲಲ್ಲೇ ತಡೆದು, “ನೀವು ಚೆನ್ನಾಗಿ ಕಾಣ್ತಿದೀರ, ಅದಕ್ಕೇ ಆಚೆ ಹೋಗಿ” ಎಂದಿದ್ದರು. ನಾನು ವಿದ್ಯಾರಣ್ಯಪುರದಿಂದ ಬಸ್ಸಿನಲ್ಲಿ ಬರುವವನು. ಪಕ್ಕದಲ್ಲಿ ಯಾರಾದರೂ ಅಗರಬತ್ತಿ ಹಚ್ಚಿದ ಮನೆಯಿಂದ ನೇರವಾಗಿ ಬಂದು ಕೂತರೆ ಎದ್ದು ಹಿಂದೆ ಹೋಗುತ್ತಿದ್ದೆ. ಜನ ನನ್ನನ್ನು ಜಂಬಗಾರ ಅಂದುಕೊಂಡಿರಬೇಕು. ಅವರ ಊಹೆ ಪೂರ್ತಿ ತಪ್ಪೂ ಅಲ್ಲ.

ಒಳಗೆ ಪ್ರತಿಯೊಬ್ಬರ ಮುಂದೆ ಮೂರು ಲೋಟ. ಎರಡರಲ್ಲಿ ಒಂದೇ ಬಗೆ, ಒಂದರಲ್ಲಿ ಬೇರೆ. ಒಂದು ಬಗೆ ಗಾಜಿನ ಬಾಟಲಿಯಲ್ಲಿ ಇಟ್ಟಿದ್ದು, ಇನ್ನೊಂದು ಕ್ಯಾನಿನಲ್ಲಿ ಇಟ್ಟಿದ್ದು. ಯಾವ ಲೋಟದಲ್ಲಿ ಏನಿದೆಯೆಂದು ಕುಡಿಯುವವರಿಗೆ ಗೊತ್ತಿರುವುದಿಲ್ಲ. ಬೇರೆಯಾದ ಲೋಟ ಯಾವುದೆಂದು ಹೇಳಬೇಕು, ಗೊತ್ತಾಗದಿದ್ದರೂ ಒಂದನ್ನು ಆರಿಸಲೇಬೇಕು. ಬಹಳ ಜನ ಸರಿಯಾಗಿ ಹಿಡಿದರೆ ಲೇಪನ ಬಾಯಿ ಬಿಟ್ಟಿದೆ ಎಂದರ್ಥ. ನಿಯಮ ಇಷ್ಟೇ. ಆದರೆ ನಮ್ಮ ಲ್ಯಾಬಿನಲ್ಲಿ ಇನ್ನೊಂದು ನಿಯಮ ಇತ್ತು, ಅದನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಗುಂಪಿನಲ್ಲಿ ಒಮ್ಮತ ಬಾರದೆ ಅರ್ಧಂಬರ್ಧ ಆದಾಗ, ಕೊಯ್ದ ಕ್ಯಾನನ್ನು ಮೇಡಂ ಮುಂದೆ ಇಡುವುದು. ಅವರು ಮೂಗಿಟ್ಟು ಏನು ಹೇಳಿದರೆ ಅದು. ಕ್ಯಾನು ಕಳಿಸುವ ಕಂಪನಿಯವರೂ ಫೋನಿನಲ್ಲಿ, “ಮೂಗು ಮೇಡಂ ನೋಡಿದ್ರಾ?” ಎಂದೇ ಕೇಳುತ್ತಿದ್ದರು.

ಇನ್ನು ನನ್ನ ವಿಷಯ. ನನಗೆ ಜನರನ್ನು ಅನುಕರಿಸುವ ರೋಗ ಹುಟ್ಟಿದಾಗಿನಿಂದ ಇದೆ. ವಾಚ್‌ಮ್ಯಾನ್ ಕೆಮ್ಮುವುದು, ನಮ್ಮ ಡೈರೆಕ್ಟರು ಗಾಬರಿಯಾದಾಗಲೆಲ್ಲ “ಕೂಲಾಗಿ ಯೋಚ್ನೆ ಮಾಡೋಣ, ಕೂಲಾಗಿ” ಎಂದು ಕೂಗಾಡುವುದು, ನಾನೇ ಸಂದರ್ಶನಕ್ಕೆ ಬಂದ ದಿನ ಬೆವರುತ್ತ ತಪ್ಪು ಉತ್ತರ ಹೇಳಿದ್ದು, ಎಲ್ಲವೂ ಕ್ಯಾಂಟೀನಿನಲ್ಲಿ ಊಟದ ಹೊತ್ತಿನ ಕಾರ್ಯಕ್ರಮ. ಒಂದು ದಿನ ಸ್ಟೀಲ್ ಲೋಟವನ್ನೇ ಕ್ಯಾನು ಮಾಡಿಕೊಂಡು ಮೇಡಂ ಆಗಿದ್ದೆ. ಎದುರಿಗಿದ್ದವರ ನಗು ಫಕ್ಕನೆ ನಿಂತಿತು. ತಿರುಗಿ ನೋಡಿದರೆ ಮೇಡಂ, ಕೈಯಲ್ಲಿ ಟಿಫನ್ ಡಬ್ಬಿ.

“ಮುಂದುವರಿಸು” ಎಂದರು.

“ಇಲ್ಲ ಮೇಡಂ, ಅದು... ಸುಮ್ನೆ...”

“ಏ ಗಿಣಿ, ಮಾಡು ಅಂದೆ.”

ಮಾಡಿದೆ. ಅವರು ತಲೆ ಅಲ್ಲಾಡಿಸಿದರು. “ತಪ್ಪು. ಕಣ್ಣು ಮೊದಲು ಮುಚ್ಚಬೇಕು. ಆಮೇಲೆ ಮೂಗು. ಕಣ್ಣು ತೆರೆದಿದ್ರೆ ಡಬ್ಬಿ ಮೇಲಿರೋ ಮಾವಿನ ಚಿತ್ರನೇ ಮೂಗಿಗೆ ಹೋಗುತ್ತೆ. ಚಿಕ್ಕದಾಗಿ ಒಂದು ಸಲ ಎಳೆ. ತಲೆ ಹಿಂದಕ್ಕೆ. ಇನ್ನೊಂದು ಸಲ ಎಳೆ. ಸಾಕು. ಉದ್ದಕ್ಕೆ ಎಳೆದ್ರೆ ಮೂಗು ಸುಸ್ತಾಗುತ್ತೆ.” ಆಮೇಲೆ ನನ್ನ ಕೈಯಿಂದ ಲೋಟ ತೆಗೆದುಕೊಂಡು ತಾವೇ ಮಾಡಿ ತೋರಿಸಿದರು. ಕೊನೆಗೆ ಮಣಿಕಟ್ಟಿನಿಂದ ಮೂಗಿನ ತುದಿಯನ್ನೊಮ್ಮೆ ಒರೆಸಿಕೊಂಡರು. “ಅಣಕಿಸೋದಾದ್ರೆ ಸರಿಯಾಗಿ ಅಣಕಿಸು. ಅರ್ಧಂಬರ್ಧ ಮಾಡಿದ್ರೆ ನನಗೆ ಅವಮಾನ.”

ಆವತ್ತಿನಿಂದ ನನ್ನ ಹೆಸರು ಗಿಣಿ. ಆವತ್ತೇ ನನ್ನನ್ನು ರುಚಿ ನೋಡುವ ಗುಂಪಿಗೂ ಸೇರಿಸಿಕೊಂಡರು. ಯಾಕೆ ಎಂದು ಕೇಳಿದ್ದಕ್ಕೆ, “ನೀನು ಜನರನ್ನ ಅಣಕಿಸ್ತೀಯ ಅಂತ ಎಲ್ಲಾ ಹೇಳ್ತಾರೆ. ಅಣಕಿಸೋ ಮುಂಚೆ ಎಷ್ಟು ನೋಡ್ತೀಯ ಅಂತ ಯಾರೂ ಹೇಳಲ್ಲ” ಎಂದರು. ನಾನು ಇದನ್ನು ಹೊಗಳಿಕೆ ಎಂದುಕೊಂಡು ಮನೆಯಲ್ಲಿ ಹೇಳಿಕೊಂಡೆ. ಅಮ್ಮ, “ಮೊದಲು ಗ್ಯಾಸ್ ಆಫ್ ಆಗಿದ್ಯಾ ನೋಡು” ಎಂದಳು.

ಕಳೆದ ವರ್ಷಕ್ಕೆ ಮುಂಚಿನ ಚಳಿಗಾಲದಲ್ಲಿ ಮೇಡಂ ಜ್ವರ ಬಂದು ಮಲಗಿದರು. ಸಾಕಷ್ಟು ದಿನ ಬರಲಿಲ್ಲ. ವಾಪಸ್ ಬಂದಾಗ ಮುಖ ಇಳಿದಿತ್ತು, ಆದರೆ ಬಾಯಿ ಇಳಿದಿರಲಿಲ್ಲ; ಬಂದ ದಿನವೇ ಡೈರೆಕ್ಟರ ಹೊಸ ಶೂ ನೋಡಿ, “ಇದು ಲೆದರ್ ಅಂತ ಹೇಳಿದವರು ಯಾರು ಸಾರ್?” ಎಂದು ಕೇಳಿದ್ದರು. ನಾವು ಸಮಾಧಾನಪಟ್ಟೆವು.

ಅದೇ ವಾರ ಎಳನೀರಿನ ಕ್ಯಾನುಗಳು ಬಂದವು. ಕಳಿಸಿದವರು ಅಮೃತಹಳ್ಳಿಯ ಹಳೇ ರೈತ ಮನೆತನದ ಯಜಮಾನರು. ಅವರ ತೋಟಗಳ ಮೇಲೆ ಈಗ ಅವರದೇ ಅಪಾರ್ಟ್‌ಮೆಂಟುಗಳಿವೆ. ಕಟ್ಟಿ ಕಟ್ಟಿ ಬೇಸರವಾಗಿ, ಎಳನೀರನ್ನು ಕ್ಯಾನಿಗೆ ತುಂಬಿ ಹೊರದೇಶಕ್ಕೆ ಕಳಿಸುವ ಉಮೇದು ಅವರಿಗೆ ಹತ್ತಿತ್ತು. ಆ ದೇಶದವರಿಗೆ ಬಿಪಿಎ ಎಂಬ ರಾಸಾಯನಿಕ ಇಲ್ಲದ ಹೊಸ ಬಗೆಯ ಲೇಪನವೇ ಬೇಕಂತೆ. ಯಜಮಾನರು ಕ್ಯಾನುಗಳ ಜೊತೆ ತಾವೂ ಬಂದು ಮೇಡಂ ಮೇಜಿನ ಎದುರು ಕೂತರು.

“ಬಿಪಿ ಇಲ್ವೇ ಇಲ್ಲ ಮೇಡಮ್ಮೋರೆ. ನಂಗೈತೆ, ಡಬ್ಬಕ್ಕಿಲ್ಲ.”

“ಅದನ್ನ ನಾವು ನೋಡಿ ಹೇಳ್ತೀವಿ ಯಜಮಾನ್ರೇ. ನೀವು ಮಾತ್ರೆ ತಗೊಂಡ್ರಾ?”

“ನಿಮ್ ಕಾಗ್ದ ಬರ್ಲಿ, ಬಿಪಿ ತಾನಾಗೇ ಇಳೀತದೆ. ಎಲ್ಡ್ ಸಲ ಬ್ಯಾರೆ ಲೇಪ್ನ ಆಕ್ಸಿ ಕೆಟ್ಟೋಯ್ತು. ಇದೂ ಓದ್ರೆ ನನ್ ಮಗ ಮತ್ತೆ ಬಿಲ್ಡಿಂಗ್ ಕಟ್ಟು ಅಂತಾನೆ. ಇನ್ನೊಂದ್ ಬಿಲ್ಡಿಂಗ್ ಕಟ್ಟಕ್ಕೆ ನಂಗೆ ಇಷ್ಟಿಲ್ಲ ಕಣಮ್ಮ. ಉಳ್ದಿರೋ ನಾಕ್ ತೆಂಗಿನ್ ಮರಕ್ಕೆ ಏನಾರ ಮರ್ವಾದೆ ಸಿಗ್ಲಿ ಅಂತ ಇಂಗೆ ಒದ್ದಾಡ್ತಿವ್ನಿ.”

ಕೆಂಪು ಚುಕ್ಕೆಯ ಪರೀಕ್ಷೆ ಪಾಸಾಯಿತು. ತೂಕದ ಪರೀಕ್ಷೆಯೂ ಮಿತಿಯೊಳಗೇ ಬಂತು. ಉಳಿದದ್ದು ರುಚಿ. ಎಳನೀರು ಬಹಳ ನಾಚಿಕೆಯ ಪದಾರ್ಥ, ಪಕ್ಕದಲ್ಲಿ ಯಾರು ಕೂತರೂ ಅವರ ವಾಸನೆ ಹೊತ್ತುಕೊಳ್ಳುತ್ತದೆ. ಲೋಟಗಳು ಬಂದವು. ನನಗೆ ಒಂದು ಲೋಟದಲ್ಲಿ, ತೀರ ಹಿಂದುಗಡೆ, ಹೊಸ ರೇನ್‌ಕೋಟಿನ ವಾಸನೆ ಬಂದ ಹಾಗಾಯಿತು. ಅದನ್ನೇ ಆರಿಸಿದೆ. ಮೈಕ್ರೋಬಯಾಲಜಿ ವಿಭಾಗದ ಗೆಳತಿಯೂ ಅದನ್ನೇ ಆರಿಸಿದಳು. ಉಳಿದವರು ಚೆಲ್ಲಾಪಿಲ್ಲಿ. ಅಂದರೆ ಅರ್ಧಂಬರ್ಧ. ಪದ್ಧತಿಯಂತೆ ಕೊಯ್ದ ಕ್ಯಾನು ಮೇಡಂ ಮುಂದೆ ಹೋಯಿತು.

ಅವರು ಮೂಗಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಮುಗುಳ್ನಕ್ಕರು. “ಒಳ್ಳೆ ಎಳನೀರು. ಬೇರೆ ಏನೂ ಇಲ್ಲ.” ಆ ನಗುವಿನಲ್ಲಿ ಒಂದು ವಿಚಿತ್ರ ಸಂತೋಷ ಇತ್ತು. ಆಗ ನನಗೆ ಅದು ಅರ್ಥವಾಗಲಿಲ್ಲ. ನಾನು ಗೆಳತಿಗೆ, “ನಮ್ಮಿಬ್ಬರ ನಾಲಿಗೆಗೆ ಸರ್ವಿಸಿಂಗ್ ಮಾಡಿಸ್ಬೇಕು” ಎಂದೆ. ಡೈರೆಕ್ಟರು ಆಗಲೇ ಯಜಮಾನರಿಗೆ ಫೋನು ಹಚ್ಚಿ ಮೇಡಂ ಕೈಗೆ ಕೊಟ್ಟರು. “ಮೂಗಿಗೆ ಪಾಸು ಯಜಮಾನ್ರೇ, ವರದಿ ಕಳಿಸ್ತೀವಿ” ಎಂದರು ಮೇಡಂ.

ಆವತ್ತು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಯಾರೋ ಮೇಡಂ ಐಟಂ ಕೇಳಿದರು. ಅವರು ಮರಳಿ ಬಂದ ಖುಷಿಗೆ ನಾನೂ ಎದ್ದೆ. ಲೋಟ ಹಿಡಿದೆ, ಮೂಗಿಟ್ಟೆ. ನನ್ನ ಕೆಲಸವನ್ನು ನಾನು ಯೋಚಿಸಿ ಮಾಡುವುದಿಲ್ಲ. ಕಣ್ಣು ಕೊನೆಯದಾಗಿ ಕಂಡದ್ದನ್ನು ಮೈ ಮಾಡುತ್ತದೆ. ಯಾರೂ ನಗಲಿಲ್ಲ. ಗೆಳತಿ ತಟ್ಟೆಯಿಂದ ತಲೆಯೆತ್ತಿ, “ಏನ್ ಮಗಾ ಇದು? ಇದು ಮೇಡಂ ಅಲ್ಲ. ಯಾರೋ ಮೂಗು ಕಟ್ಟಿದೋರ ಥರ ಇದೆ” ಎಂದಳು.

“ಇಲ್ವೇ, ಬೆಳಿಗ್ಗೆ ನೋಡಿದ್ದನ್ನೇ ಮಾಡ್ದೆ.”

ಹೇಳಿದವನೇ ಲೋಟ ಹಿಡಿದುಕೊಂಡು ಹಾಗೇ ನಿಂತೆ. ನಾನು ಮಾಡಿದ್ದು ಉದ್ದನೆಯ ಎಳೆತ. ಕಣ್ಣು ತೆರೆದೇ ಇತ್ತು. ತಲೆ ಹಿಂದಕ್ಕೆ ಹೋಗಿರಲಿಲ್ಲ. ಡಬ್ಬಿಯ ಅಂಚಿನ ಮೇಲಿನಿಂದ ಎದುರಿಗಿದ್ದವರ ಮುಖ ನೋಡುತ್ತಿದ್ದೆ. ಬೆಳಿಗ್ಗೆ ಮೇಡಂ ಹಾಗೇ ಮಾಡಿದ್ದರು. ಗಿಣಿ ತಪ್ಪು ಮಾಡಿರಲಿಲ್ಲ.

ಇದನ್ನು ಅವರಿಗೆ ಹೇಗೆ ಹೇಳುವುದು? ಗಾಯಕರ ಬಳಿ ಹೋಗಿ ನಿಮಗೆ ಶ್ರುತಿ ಕೇಳಿಸುತ್ತಿಲ್ಲ ಎನ್ನಬಹುದು, ಅವರು ಹೊಡೆಯುತ್ತಾರೆ ಅಷ್ಟೆ. ಇವರು ಹೊಡೆಯುವವರಲ್ಲ, ಅದೇ ಕಷ್ಟ. ಮಾತಿನಲ್ಲಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ನನಗೆ ಬರುವುದು ಒಂದೇ ವಿದ್ಯೆ. ಅದನ್ನೇ ಹೊತ್ತುಕೊಂಡು ಅವರ ಕೋಣೆಗೆ ಹೋದೆ.

“ಏನೋ ಗಿಣಿ?”

“ಒಂದು ಐಟಂ ತೋರಿಸ್ಬೇಕು ಮೇಡಂ.”

“ಯಾರ್ದು?”

“ನಿಮ್ದೇ.”

ಅವರು ಕನ್ನಡಕ ತೆಗೆದಿಟ್ಟು, ಕೈಕಟ್ಟಿ, ನಗುಮುಖದಿಂದ ಕೂತರು. ನಾನು ಮೊದಲು ಜ್ವರಕ್ಕೆ ಮುಂಚಿನ ಮೇಡಂ ಮಾಡಿದೆ. ಕಣ್ಣು ಮುಚ್ಚಿದೆ, ಚಿಕ್ಕ ಎಳೆತ, ತಲೆ ಹಿಂದಕ್ಕೆ, ಇನ್ನೊಂದು ಎಳೆತ, ಮಣಿಕಟ್ಟಿನಿಂದ ಮೂಗು. “ಭೇಷ್” ಎಂದರು. ಆಮೇಲೆ ಬೆಳಗಿನ ಮೇಡಂ ಮಾಡಿದೆ. ಲೋಟದ ಅಂಚಿನ ಮೇಲಿನಿಂದ ಅವರ ಮುಖ ನೋಡುತ್ತಿದ್ದೆ. ಹಾಗೆ ನೋಡುವುದೇ ಆ ಐಟಮ್ಮಿನ ಭಾಗವಾಗಿತ್ತಲ್ಲ. ನಗು ನಿಧಾನವಾಗಿ ಆರಿಹೋಯಿತು.

“ಬಾಗಿಲು ಹಾಕು” ಎಂದರು.

ಹಾಕಿದೆ.

“ಜ್ವರದಲ್ಲೇ ಹೋಯ್ತು ಕಣೋ. ಮನೇಲಿ ಅನ್ನ ಸೀದು ಹೊಗೆ ಬರ್ತಿದ್ರೂ ನನಗೆ ಗೊತ್ತಾಗ್ಲಿಲ್ಲ. ಪಕ್ಕದ ಮನೆಯೋರು ಬಂದು ಬಾಗಿಲು ಬಡಿದ್ರು. ಇಲ್ಲಿ ನಿಮ್ಮ ಮುಖ ನೋಡ್ಕೊಂಡೇ ತೀರ್ಪು ಹೇಳ್ತಿದ್ದೆ.” ಮೇಜಿನ ಮೇಲಿದ್ದ ಎಳನೀರಿನ ಕ್ಯಾನನ್ನು ಹತ್ತಿರಕ್ಕೆ ಎಳೆದುಕೊಂಡರು. “ಆದ್ರೆ ಇವತ್ತು ಬಂತು. ನಿಜವಾಗ್ಲೂ ಬಂತು. ಎಳನೀರಿನ ವಾಸನೆ ಬಂತು, ಯಾ ಅಲ್ಲಾ, ವಾಪಸ್ ಬಂದೇಬಿಡ್ತು ಅಂದ್ಕೊಂಡೆ. ಎಷ್ಟು ಖುಷಿಯಾಯ್ತು ಗೊತ್ತಾ?”

ಬೆಳಗಿನ ಆ ನಗು ಏನೆಂದು ನನಗೆ ಆಗ ತಿಳಿಯಿತು.

“ಬಂದಿರಬೋದು ಮೇಡಂ” ಎಂದೆ. ನನ್ನ ದನಿ ನನಗೇ ಯಾರದೋ ಕೆಟ್ಟ ಮಿಮಿಕ್ರಿಯ ಹಾಗೆ ಕೇಳಿಸಿತು.

“ಬಂದಿದ್ಯೋ ಇಲ್ವೋ ನೀನ್ಯಾಕೆ ಹೇಳ್ತೀಯ, ನಾನ್ಯಾಕೆ ಹೇಳ್ಲಿ? ಲೋಟ ಇಡು.”

ಅವರು ಗೋಡೆಯ ಕಡೆ ತಿರುಗಿ ಕೂತರು. ನಾನು ಕ್ಯಾನಿನಿಂದಲೂ ಗಾಜಿನ ಬಾಟಲಿಯಿಂದಲೂ ಮೂರು ಲೋಟಕ್ಕೆ ಸುರಿದೆ. ಅವರು ಈ ಕಡೆ ತಿರುಗಿ, ಕಣ್ಣು ಮುಚ್ಚಿ ಒಂದೊಂದನ್ನೇ ಮೂಸಿ, ಕುಡಿದು, ಧೈರ್ಯವಾಗಿ ಒಂದನ್ನು ಮುಂದಕ್ಕೆ ತಳ್ಳಿದರು. ತಪ್ಪು. “ಇನ್ನೊಂದು ಸಲ.” ಮತ್ತೆ ತಪ್ಪು. “ಇನ್ನೊಂದು.” ಈ ಸಲ ಸರಿಯಾಯಿತು. ಅವರ ಮುಖ ಅರಳಿತು; ಇಲ್ಲಿಗೇ ನಿಲ್ಲಿಸಿಬಿಡಲಿ ದೇವರೇ ಎಂದು ನಾನು ಮನಸ್ಸಿನಲ್ಲೇ ಕೇಳಿಕೊಂಡೆ. ಆದರೆ ಮೂರು ಲೋಟ ಇದ್ದಾಗ ಕಣ್ಣು ಮುಚ್ಚಿ ಕಲ್ಲು ಹೊಡೆದರೂ ಒಮ್ಮೊಮ್ಮೆ ತಾಗುತ್ತದೆ ಎಂದು ನಮಗೆಲ್ಲ ಹೇಳಿಕೊಟ್ಟವರೇ ಅವರು. “ಇದು ಲಾಟರಿ ಇರಬೋದು. ಇನ್ನೊಂದು ಇಡು” ಎಂದರು. ಇಟ್ಟೆ. ತಪ್ಪು. ಆಮೇಲೂ ತಪ್ಪು.

ಸುಳ್ಳು ಹೇಳಬಹುದಿತ್ತು. ಲೋಟ ಇಟ್ಟವನು ನಾನು, ಉತ್ತರ ಗೊತ್ತಿದ್ದವನು ನಾನೊಬ್ಬನೇ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅವರು ಕಣ್ಣು ತೆರೆದು, “ನಿನ್ನ ಮುಖ ಬೇರೆಯವರದ್ದೆಲ್ಲ ಮಾಡುತ್ತೆ, ಸುಳ್ಳುಗಾರನದ್ದು ಮಾತ್ರ ಮಾಡೋಕೆ ಬರಲ್ಲ, ಪ್ರಯತ್ನ ಮಾಡ್ಬೇಡ” ಎಂದರು.

ಆಮೇಲೆ ತೋರುಬೆರಳನ್ನು ಮೂಗಿನ ಆ ಅರ್ಧಚಂದ್ರದ ಮೇಲೆ ಇಟ್ಟುಕೊಂಡು, ಸಾವಿರಾರು ಡಬ್ಬಿಗಳಿಗೆ ಹೇಳಿದ ಅದೇ ದನಿಯಲ್ಲಿ, “ನಕ್ಕೋ” ಎಂದರು.

“ಎಳನೀರು ಅಂತ ಗೊತ್ತಿತ್ತಲ್ಲ ಗಿಣಿ” ಎಂದರು. “ಮೂಗು ಏನೂ ಮಾಡಿಲ್ಲ. ಮನಸ್ಸು ವಾಸನೆ ಮಾಡ್ತು.”

ಎದ್ದವರೇ ನೇರವಾಗಿ ಡೈರೆಕ್ಟರ ಕೋಣೆಗೆ ಹೋದರು. ಬಾಗಿಲು ಮುಚ್ಚಿದ್ದರೂ ನಮಗೆ ಡೈರೆಕ್ಟರ ಅರ್ಧ ಮಾತು ಕೇಳಿಸುತ್ತಿತ್ತು. “ಮೇಡಂ, ಕೂಲಾಗಿ ಯೋಚ್ನೆ ಮಾಡೋಣ! ಯಾರಿಗೂ ಹೇಳೋದೇ ಬೇಡ! ಕ್ಲೈಂಟ್ಸ್ ಬರೋದೇ ನಿಮ್ಮ ಮೂಗು ನೋಡಿ! ಕೂಲಾಗಿ!” ಮೇಡಂ ಏನಂದರೋ ಕೇಳಿಸಲಿಲ್ಲ. ಹೊರಗೆ ಬಂದವರು ರುಚಿ ನೋಡುವ ಗುಂಪನ್ನೆಲ್ಲ ಕರೆದು, ನಿಂತುಕೊಂಡೇ ಹೇಳಿದರು: “ನನಗೆ ವಾಸನೆ ಬರ್ತಿಲ್ಲ. ಜ್ವರ ಬಂದಾಗಿಂದ. ಬೆಳಿಗ್ಗೆ ಹೇಳಿದ್ದು ರದ್ದು. ರಜಾ ಮುಗಿಸಿ ಬಂದ ಮೇಲೆ ನಾನು ಮೂಗಿಟ್ಟು ಹೇಳಿದ್ದೆಲ್ಲ ಮತ್ತೆ ಮಾಡ್ಬೇಕು. ಇನ್ಮೇಲೆ ಅರ್ಧಂಬರ್ಧ ಬಂದ್ರೆ ಇನ್ನಷ್ಟು ಜನರನ್ನ ಕೂರಿಸಿ, ಇನ್ನಷ್ಟು ಲೋಟ ಇಡಿ. ಒಬ್ಬರ ಮೂಗಿಗೆ ಬಿಡಬೇಡಿ. ನನ್ನದು ಚೆನ್ನಾಗಿದ್ದಾಗಲೂ ಬಿಡಬಾರದಿತ್ತು.”

ಆಮೇಲೆ ರುಚಿ ಕೋಣೆಯಲ್ಲಿದ್ದ ತಮ್ಮ ಕುರ್ಚಿಯನ್ನು ತಾವೇ ಎಳೆದುಕೊಂಡು ಹೊರಗೆ ಹೋದರು. ಸಹಾಯ ಮಾಡಲು ಹೋದ ನನಗೆ, “ಕುರ್ಚಿ ಎಳೆಯೋಕೆ ಮೂಗು ಬೇಡ” ಎಂದರು. ಆ ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದನ್ನು ಮಾತ್ರ ನಾನು ಇವತ್ತಿಗೂ ಅನುಕರಿಸಲು ಹೋಗಿಲ್ಲ.

ಮಾರನೆಯ ದಿನ ಯಜಮಾನರು ಬಂದರು. ಬಂದದ್ದು ಮಳೆ ಬರುವ ಮುಂಚಿನ ಮೋಡದ ಹಾಗೆ.

“ಇದೇನ್ ಮೇಡಮ್ಮೋರೆ! ಪೋನಲ್ಲಿ ಪಾಸು ಅಂತ ನೀವೇ ಏಳಿದ್ರಿ. ನಾನು ಊರೆಲ್ಲ ಸಾರ್ಕೊಂಡ್ ಬಂದೆ. ಇಂಗಂದ್ರೆ ಎಂಗೆ?”

“ನನ್ನ ಮೂಗು ಕೆಟ್ಟಿತ್ತು ಯಜಮಾನ್ರೇ. ಆ ಮಾತು ವಾಪಸ್ ತಗೊಂಡಿದೀನಿ. ಕೋಪ ಇದ್ರೆ ನನ್ನ ಮೇಲೆ ಮಾಡ್ಕೊಳ್ಳಿ, ನ್ಯಾಯ ಇದೆ.”

ಯಜಮಾನರು ಕುರ್ಚಿ ಎಳೆದುಕೊಂಡು ಕೂತರು. ಅವರು ಜಗಳಕ್ಕೆ ತಯಾರಾಗಿ ಬಂದಿದ್ದರು, ಒಪ್ಪಿಕೊಂಡವರ ಜೊತೆ ಜಗಳ ಆಡುವುದು ಹೇಗೆ? ಮೇಡಂ ಯಜಮಾನರ ಮುಂದೆಯೂ ಲೋಟಗಳನ್ನು ಇಡಿಸಿದರು. ಅವರು ಒಂದೊಂದನ್ನೂ ಗಟಗಟ ಕುಡಿಯಲು ಹೊರಟರು. ಒಂದು ಲೋಟದ ಹತ್ತಿರ ಬಂದಾಗ ಗುಟುಕು ಬಾಯಲ್ಲೇ ನಿಂತಿತು. ನುಂಗಲೂ ಇಲ್ಲ, ಉಗಿಯಲೂ ಇಲ್ಲ. ಕೊನೆಗೆ ನುಂಗಿ, ಲೋಟವನ್ನು ದೂರ ಸರಿಸಿ, ಪಕ್ಕದ್ದನ್ನು ಪೂರ್ತಿ ಕುಡಿದರು.

“ನನ್ ಮರದ್ದಲ್ಲ ಅದು” ಎಂದರು ಮೆಲ್ಲಗೆ.

“ನಿಮ್ಮ ಮರದ್ದೇ ಯಜಮಾನ್ರೇ. ಡಬ್ಬಿಯೋರು ಲೇಪನ ಹಾಕಿ ಬೇಯಿಸೋವಾಗ ಆತುರ ಮಾಡಿದಾರೆ. ಪೂರ್ತಿ ಬೆಂದಿಲ್ಲ. ಅದು ಹಸಿ ವಾಸನೆ.”

ಆ ಊಹೆ ಸರಿಯಾಗಿತ್ತು. ದ್ರಾವಕದಲ್ಲಿ ಅದ್ದಿದ ಹತ್ತಿಯಿಂದ ಒಳಮೈಯನ್ನು ಉಜ್ಜಿ ನೋಡಿದಾಗ, ಚೆನ್ನಾಗಿ ಬೆಂದ ಲೇಪನ ಅಲುಗಾಡಬಾರದು. ಇದು ಬೇಗನೆ ಹತ್ತಿಗೆ ಅಂಟಿ ಬಂತು. ದೊಡ್ಡದೊಂದು ಗುಂಪು ಕೂರಿಸಿ ಮತ್ತೆ ರುಚಿ ನೋಡಿದಾಗಲೂ ಬಹಳ ಜನ ರೇನ್‌ಕೋಟನ್ನು ಹಿಡಿದರು. ಮೇಡಂ ಜ್ವರದ ನಂತರ ಒಪ್ಪಿದ್ದ ಉಳಿದ ಡಬ್ಬಿಗಳೆಲ್ಲ ಮತ್ತೆ ಪಾಸಾದವು. ಆ ಸುದ್ದಿ ಕೇಳಿದ ದಿನ ಅವರು ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು. ನಾವೆಲ್ಲ ತಕ್ಕಡಿಯನ್ನೇ ನೋಡುತ್ತ ನಿಂತಿದ್ದೆವು.

ಯಜಮಾನರು ಡಬ್ಬಿಯವರ ಹತ್ತಿರ ಹೋಗಿ ಏನು ಮಾತಾಡಿದರೋ, ಹೊಸ ಕ್ಯಾನುಗಳು ಬಂದವು, ಸರಿಯಾಗಿ ಬೆಂದು ಬಂದವು. ಅವರು ಆಮೇಲೆ ಲ್ಯಾಬಿಗೆ ಬಂದಾಗಲೆಲ್ಲ ಮೇಡಂಗೆ ಎಳನೀರಿನ ಗೊನೆ ತರುತ್ತಿದ್ದರು. “ನಿಮ್ಗೆ ವಾಸ್ನೆ ಬರಾಕಿಲ್ಲ ಅಂತ ಗೊತ್ತು. ತಂಪಿಗ್ ಕುಡೀರಿ” ಎನ್ನುತ್ತಿದ್ದರು.

ಮೂಗು ಪೂರ್ತಿ ವಾಪಸ್ ಬರಲಿಲ್ಲ. ಪೆಟ್ರೋಲು ಬಂತು, ಕಾಫಿ ಅರ್ಧ ಬಂತು, ಮಲ್ಲಿಗೆ ಬರಲಿಲ್ಲ. “ಅಕೌಂಟ್ಸ್ ಆಂಟಿ ಶಾಪ” ಎನ್ನುತ್ತಿದ್ದರು. ಆದರೂ ನಿವೃತ್ತಿಯವರೆಗೆ ದಿನಾ ಬೆಳಿಗ್ಗೆ ಮಹಡಿಗೆ ಹೋಗುವುದು ಬಿಡಲಿಲ್ಲ. ನನ್ನನ್ನೂ ಕರೆದುಕೊಂಡು ಹೋಗಿ, ಗಾಳಿಗೆ ಮುಖ ಒಡ್ಡಿ ನಿಲ್ಲಿಸಿ, “ಹೇಳು” ಎನ್ನುತ್ತಿದ್ದರು. ಆಲೂಗಡ್ಡೆ, ಮಣ್ಣು, ಡೀಸೆಲ್, ದೂರದಲ್ಲಿ ಯಾವುದೋ ಬೇಕರಿ. “ಬೇಕರಿ ಯಾವ ಕಡೆ?” “ಎಡಗಡೆ ಮೇಡಂ.” “ಬನ್ನೋ ಬ್ರೆಡ್ಡೋ?” ನನಗೆ ಗೊತ್ತಾಗುತ್ತಿರಲಿಲ್ಲ. “ಕಣ್ಣು ಮುಚ್ಚು ದಡ್ಡ” ಎಂದು ತಲೆಗೊಂದು ಮೊಟಕುತ್ತಿದ್ದರು. ಕಾಲೇಜಿನಲ್ಲಿ ಕಲಿತದ್ದರಲ್ಲಿ ನನಗೆ ನೆನಪಿರುವುದು ಕಡಿಮೆ. ಆ ಮಹಡಿಯ ಮೊಟಕುಗಳೆಲ್ಲ ನೆನಪಿವೆ.

ಈಗ ಅವರು ನಿವೃತ್ತರಾಗಿ ಆರ್.ಟಿ. ನಗರದ ಮನೆಯಲ್ಲಿದ್ದಾರೆ. ರಜಾ ಸಿಕ್ಕಾಗ ಹೋಗುತ್ತೇನೆ. ನಾನು ಒಳಗೆ ಬರುವುದನ್ನೇ ಕಾದಿದ್ದವರ ಹಾಗೆ, “ಆಯಾ ದೇಖೋ ಮೇರಾ ನಾಕ್” ಎಂದು ಮಗಳಿಗೆ ಕೂಗಿ ಹೇಳುತ್ತಾರೆ. ನೋಡು, ನನ್ನ ಮೂಗು ಬಂತು ಎಂದರ್ಥ. ಆಮೇಲೆ ನೇರ ಅಡಿಗೆಮನೆಗೆ. ಮಗಳು ಒಲೆಯ ಪಕ್ಕದಿಂದ ಸರಿದು ಜಾಗ ಬಿಡುತ್ತಾರೆ. ಬಿರಿಯಾನಿಗೆ ದಮ್ ಸಾಕಾ, ತಳ ಹಿಡಿಯಿತಾ, ಪುದೀನ ಜಾಸ್ತಿಯಾಯಿತಾ, ತೀರ್ಪು ನನ್ನದು.

ಮೊನ್ನೆ ಹೋದಾಗ ಒಂದು ದೂರು ಹೇಳಿಕೊಂಡೆ. ಲ್ಯಾಬಿಗೆ ಹೊಸದಾಗಿ ಒಬ್ಬಳು ಹುಡುಗಿ ಸೇರಿದ್ದಾಳೆ, ನನಗಿಂತ ದೊಡ್ಡ ಕಿಲಾಡಿ. ಕ್ಯಾಂಟೀನಿನಲ್ಲಿ ನನ್ನದೇ ಮಿಮಿಕ್ರಿ ಮಾಡುತ್ತಿದ್ದಾಳೆ. ನಾನು ಕದ್ದು ನಿಂತು ನೋಡಿದೆ. ನನ್ನ ನಡಿಗೆ, ನನ್ನ ಹಾಳು ನಗು, ಎಲ್ಲ ಸರಿ. ಆದರೆ ಕ್ಯಾನು ಮೂಸುವ ಜಾಗಕ್ಕೆ ಬಂದಾಗ ಅವಳು ಮಾಡಿದ್ದು ನನ್ನನ್ನಲ್ಲ. ಚಿಕ್ಕ ಎಳೆತ, ತಲೆ ಹಿಂದಕ್ಕೆ, ಇನ್ನೊಂದು ಎಳೆತ, ಕೊನೆಗೆ ಮಣಿಕಟ್ಟಿನಿಂದ ಮೂಗಿನ ತುದಿ. ಆ ಹುಡುಗಿ ಮೇಡಂ ಅವರನ್ನು ಕಂಡವಳೇ ಅಲ್ಲ.

“ನನ್ನನ್ನ ಅಣಕಿಸ್ತಾಳೆ ಅಂತ ಹೋದ್ರೆ, ಅವಳು ಮಾಡ್ತಿರೋದು ನಿಮ್ಮನ್ನ ಮೇಡಂ. ಇದಕ್ಕೆ ನಾನು ಯಾರ ಹತ್ರ ದೂರು ಕೊಡ್ಲಿ?”

ಮೇಡಂ ಒಲೆಯ ಮೇಲಿನ ಪಾತ್ರೆಯ ಮುಚ್ಚಳಕ್ಕೆ ಕೈಯಿಟ್ಟವರು ನನ್ನ ಕಡೆ ತಿರುಗಿದರು. ನಗುತ್ತಾರೆ ಅಂದುಕೊಂಡೆ. ನಗಲಿಲ್ಲ.

“ಕಣ್ಣು ಮೊದಲು ಮುಚ್ಚಿದ್ಲಾ?”

“ಮುಚ್ಚಿದ್ಲು ಮೇಡಂ.”

“ಹಾಗಾದ್ರೆ ಸರಿ” ಎಂದು ಮುಚ್ಚಳ ತೆಗೆದರು. “ಬಾ, ನೋಡು ಇದನ್ನ.”

ಬಿಸಿ ಹಬೆ ಮುಖಕ್ಕೆ ಬಂತು. ನಾನು ಕಣ್ಣು ಮುಚ್ಚಿದೆ.